ದಡದಿಂದ ಇಳಿಯೋದಾ, ಬೋಟಲ್ಲಿ ಹೋಗೋದಾ: ಹವಳದ ದಿಬ್ಬ ನೋಡೋಕೆ ಯಾವುದು ಸರಿ

ಸ್ನಾರ್ಕ್ಲಿಂಗ್ ಅಂದ್ರೆ ಮಾಸ್ಕ್ ಹಾಕ್ಕೊಂಡು, ಉಸಿರಾಡೋ ಪೈಪ್ ಬಾಯಲ್ಲಿಟ್ಕೊಂಡು ನೀರಿನ ಮೇಲೆ ತೇಲ್ತಾ ಕೆಳಗೆ ನೋಡೋದು. ಮೊದಲ ಸಲ ಹಾಗೆ ಮುಖ ನೀರೊಳಗೆ ಇಟ್ಟಾಗ ಮೀನು ಕಾಣೋದಕ್ಕೂ ಮುಂಚೆ ಒಂದು ಸದ್ದು ಕೇಳತ್ತೆ, ಕಾದ ಎಣ್ಣೇಲಿ ಸಾಸಿವೆ ಸಿಡಿದ ಹಾಗೆ ಚಟಪಟ ಚಟಪಟ ಅಂತ, ನಿಲ್ಲೋದೇ ಇಲ್ಲ. ಹವಳದ ಸಂದಿಯಲ್ಲಿ ಕೂತಿರೋ ಪುಟ್ಟ ಸಿಗಡಿಗಳು ಕೊಂಡಿ ಚಿಟಿಕೆ ಹೊಡೆಯೋ ಸದ್ದು ಅದು. ಮಧ್ಯೆ ಮಧ್ಯೆ ಕರಕರ ಅಂತ ಇನ್ನೊಂದು ಸದ್ದು ಬಂದ್ರೆ ಗಿಳಿಮೀನು ಕೊಕ್ಕಿನ ಥರದ ಹಲ್ಲಲ್ಲಿ ಹವಳದ ಕಲ್ಲು ಕೆರೀತಿದೆ ಅಂತ ಅರ್ಥ, ಮತ್ತೆ ಹವಳದ ದ್ವೀಪಗಳಲ್ಲಿ ನೀವು ದಾಟಿ ಬರೋ ಆ ಬಿಳಿ ಮರಳಲ್ಲಿ ಎಷ್ಟೋ ಪಾಲು ಆ ಮೀನಿನ ಹೊಟ್ಟೆಯಿಂದಾನೇ ಬಂದಿರೋದು. ಇದನ್ನೆಲ್ಲ ಕೇಳೋಕೆ ನೋಡೋಕೆ ಒಂದೇ ಒಂದು ವಿಷಯ ಬೇಕು, ಉಸಿರು ಸಮಾಧಾನವಾಗಿರಬೇಕು. ಗಾಬರಿಯಲ್ಲಿರೋರಿಗೆ ತಮ್ಮ ಉಸಿರಿನ ಸದ್ದು ಬಿಟ್ಟು ಬೇರೇನೂ ಕೇಳಲ್ಲ.

ಅದಕ್ಕೇ ಯಾರಾದ್ರೂ ಯಾವ ದ್ವೀಪ ಚೆನ್ನಾಗಿದೆ, ಯಾವ ಟ್ರಿಪ್ ಬುಕ್ ಮಾಡ್ಲಿ ಅಂತ ಕೇಳಿದ್ರೆ ನಾನು ಮೊದಲು ಕೇಳೋದು ಬೇರೆ: ನೀರಿಗೆ ಹೇಗೆ ಇಳೀತೀರ, ಸುಸ್ತಾದ್ರೆ ಹೇಗೆ ಹೊರಗೆ ಬರ್ತೀರ? ಇವೆರಡಕ್ಕೂ ಸರಿಯಾದ ಉತ್ತರ ಇದ್ರೆ ಸಾಧಾರಣ ರೀಫ್, ಅಂದ್ರೆ ಹವಳದ ದಿಬ್ಬ, ಕೂಡ ಜೀವನದಲ್ಲಿ ಮರೆಯದ ಹಾಗಿರತ್ತೆ, ಇಲ್ಲ ಅಂದ್ರೆ ಜಗತ್ತಿನ ಅತ್ಯುತ್ತಮ ರೀಫ್ ಮೇಲೆ ತೇಲ್ತಿದ್ರೂ ಬೋಟ್ ಎಲ್ಲಿದೆ ಬೋಟ್ ಎಲ್ಲಿದೆ ಅಂತಾನೇ ತಲೆ ಎತ್ತಿ ನೋಡ್ತಿರ್ತೀರ.

ಹವಳದ ದಿಬ್ಬಗಳಲ್ಲಿ ಮೂರು ಮುಖ್ಯ ಥರ ಅಂತ ಚಾರ್ಲ್ಸ್ ಡಾರ್ವಿನ್ 1842ರಲ್ಲೇ ಬರೆದಿದ್ದ, ಆ ವಿಂಗಡಣೆ ಇವತ್ತಿಗೂ ಪ್ಲಾನ್ ಮಾಡೋಕೆ ಉಪಯೋಗಕ್ಕೆ ಬರತ್ತೆ. ದ್ವೀಪದ ದಡಕ್ಕೇ ಅಂಟಿಕೊಂಡು ಬೆಳೆದಿರೋದು ಒಂದು, ಅಲ್ಲಿ ದಡದಿಂದ ಇಳಿದು ಹೋಗಬಹುದು. ದಡಕ್ಕೂ ದಿಬ್ಬಕ್ಕೂ ನಡುವೆ ಆಳವಾದ ಅಗಲವಾದ ನೀರಿರೋದು ಇನ್ನೊಂದು, ಅಲ್ಲಿಗೆ ಬೋಟ್ ಬೇಕೇ ಬೇಕು. ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್ ಇದಕ್ಕೆ ದೊಡ್ಡ ಉದಾಹರಣೆ, ಸುಮಾರು 2300 ಕಿಲೋಮೀಟರ್ ಉದ್ದ ಇದೆ, ಆದ್ರೆ ಕೇರ್ನ್ಸ್ ಊರಿಂದ ಅದರ ಹೊರ ಅಂಚಿಗೆ ಹೋಗೋಕೆ ವೇಗದ ಬೋಟಲ್ಲೂ ಒಂದೂವರೆ ಗಂಟೆ ಹತ್ರ ಹಿಡಿಯತ್ತೆ. ಮೂರನೇದು ಉಂಗುರದ ಥರ ಇರೋ ಅಟಾಲ್, ಲಕ್ಷದ್ವೀಪ, ಮಾಲ್ಡೀವ್ಸ್ ಎಲ್ಲ ಈ ಜಾತಿ. ಉಂಗುರದ ಒಳಗೆ ಲಗೂನ್ ಅನ್ನೋ ಶಾಂತವಾದ, ಆಳ ಕಮ್ಮಿ ಇರೋ ನೀರು, ಹೊರಗಡೆ ಅಂಚು ದಾಟಿದ್ರೆ ನೆಲ ಕುಸಿದು ಹೋದ ಹಾಗೆ ಆಳ. ಹೋಗೋ ಜಾಗ ಈ ಮೂರರಲ್ಲಿ ಯಾವುದು ಅಂತ ಗೊತ್ತಾದ್ರೆ ಅರ್ಧ ನಿರ್ಧಾರ ತಾನಾಗೇ ಆಗೋಗತ್ತೆ.

ದಡದಿಂದ ಇಳಿಯೋದು

ನನಗೆ ಇಷ್ಟ ಇದೇ, ಮೊದಲೇ ಹೇಳ್ಬಿಡ್ತೀನಿ. ಬೆಳಿಗ್ಗೆ ಗಾಳಿ ಏಳೋ ಮುಂಚೆ ಒಂದು ಸಲ, ಸಾಯಂಕಾಲ ಒಂದು ಸಲ, ಚಳಿ ಆದ್ರೆ ಹೊರಗೆ ಬಂದು ಬಿಸಿಲಲ್ಲಿ ಕೂತು ಮತ್ತೆ ಹೋಗೋದು, ಯಾರೂ ಶಿಳ್ಳೆ ಹೊಡೆದು ಟೈಮ್ ಆಯ್ತು ಅಂತ ಕರೆಯಲ್ಲ. ಒಂದೇ ಜಾಗಕ್ಕೆ ನಾಲ್ಕು ದಿನ ಹೋದ್ರೆ ಅಲ್ಲಿನ ಜೀವಿಗಳ ಪರಿಚಯ ಆಗತ್ತೆ. ಸಮುದ್ರ ಹೂವು ಅಂತ ಕರೆಯೋ, ಹೂವಿನ ಥರ ಕಾಣೋ ಪ್ರಾಣಿಯ (ಸೀ ಅನಿಮೋನ್) ಮಧ್ಯೆ ಇರೋ ಕಿತ್ತಳೆ ಬಣ್ಣದ ಕ್ಲೌನ್ ಮೀನು ಪ್ರತಿ ದಿನ ಅದೇ ಹೂವಲ್ಲೇ ಸಿಗತ್ತೆ, ಅದು ಮನೆ ಬಿಟ್ಟು ದೂರ ಹೋಗಲ್ಲ, ನೀವು ಸ್ವಲ್ಪ ಹತ್ರ ಹೋದ್ರೆ ಬೆರಳುದ್ದದ ಮೀನು ನಿಮ್ಮ ಮಾಸ್ಕ್ ಕಡೆಗೇ ನುಗ್ಗಿ ಬರತ್ತೆ, ಅದರ ಮನೆ ಕಾಯೋ ಧೈರ್ಯ ನೋಡಿದ್ರೆ ಹಿಂದೆ ಸರಿದು ಜಾಗ ಬಿಟ್ಟುಕೊಡಬೇಕು ಅನ್ಸತ್ತೆ.

ಆದ್ರೆ ದಡದಿಂದ ಇಳಿಯೋದು ಸುಲಭ, ಬೋಟ್ ಕಷ್ಟ ಅಂತ ಜನ ಅಂದ್ಕೊಳೋದು ಪೂರ್ತಿ ನಿಜ ಅಲ್ಲ. ದಡದಲ್ಲಿ ಎಲ್ಲಾ ಲೆಕ್ಕಾಚಾರ ನಿಮ್ಮದೇ, ಅದರಲ್ಲೂ ಉಬ್ಬರ ಇಳಿತದ ಲೆಕ್ಕ. ನನಗೊಂದ್ಸಲ ಹೀಗಾಯ್ತು, ನೀರು ತುಂಬಿದ್ದಾಗ ದಿಬ್ಬದ ಮೇಲಿನ ಚಪ್ಪಟೆ ಭಾಗ ದಾಟಿ ಅಂಚಿಗೆ ಹೋದೆ, ಆಮೆ ಒಂದು ಸಿಕ್ತು, ಅದರ ಹಿಂದೆ ದೂರದಿಂದಾನೇ ನೋಡ್ತಾ ನೋಡ್ತಾ ಎರಡು ಗಂಟೆ ಹೋಗಿದ್ದೇ ಗೊತ್ತಾಗ್ಲಿಲ್ಲ, ವಾಪಸ್ ಬರೋವಾಗ ಅದೇ ಜಾಗದಲ್ಲಿ ಮೊಣಕಾಲಿಗಿಂತ ಕಮ್ಮಿ ನೀರು. ನಿಲ್ಲೋಣ ಅಂದ್ರೆ ಕೆಳಗೆ ಜೀವಂತ ಹವಳ, ಈಜೋಣ ಅಂದ್ರೆ ಹೊಟ್ಟೆ ತಾಗತ್ತೆ. ಉಸಿರು ತುಂಬ್ಕೊಂಡು ಎದೆ ಎತ್ತರ ಮಾಡ್ಕೊಂಡು ಇಂಚಿಂಚೇ ತೇಲಿ ಬಂದ್ರೂ ಮೊಣಕೈ ಕೆರೀತು, ಕವಲು ಹವಳದ ಒಂದು ತುದಿ ಪಟ್ ಅಂತ ಮುರಿದಿದ್ದು ಕೈಗೆ ಗೊತ್ತಾಯ್ತು. ಗಾಯ ಒಣಗೋಕೆ ಮೂರು ವಾರ ಆಯ್ತು, ಹವಳದ ಗೀರು ಹಾಗೇನೇ, ಕಣ್ಣಿಗೆ ಕಾಣದಷ್ಟು ಸಣ್ಣ ಚೂರುಗಳು ಒಳಗೆ ಉಳ್ಕೊಳ್ಳತ್ತೆ, ತಕ್ಷಣ ಶುದ್ಧ ನೀರಲ್ಲಿ ಚೆನ್ನಾಗಿ ಉಜ್ಜಿ ತೊಳೀಬೇಕು. ಗಾಯಕ್ಕಿಂತ ಆ ಮುರಿದ ತುದಿ ನನ್ನ ತುಂಬಾ ದಿನ ಕಾಡ್ತು. ಕವಲು ಹವಳ ಆದ್ರೂ ವರ್ಷಕ್ಕೆ ಹತ್ತು ಸೆಂಟಿಮೀಟರ್ ಆಸುಪಾಸು ಬೆಳೀಬಹುದು, ಗುಂಡುಕಲ್ಲಿನ ಥರ ಇರೋ ಹವಳ ವರ್ಷಕ್ಕೆ ಒಂದೆರಡು ಸೆಂಟಿಮೀಟರ್ ಬೆಳೆದ್ರೆ ಹೆಚ್ಚು. ಕಾರಿನಷ್ಟು ದೊಡ್ಡ ಹವಳದ ಗುಂಡು ಕಂಡ್ರೆ ಅದರ ವಯಸ್ಸು ನೂರು ವರ್ಷದ ಮೇಲೆ ಇರತ್ತೆ.

ಆದ್ರಿಂದ ದಡದಿಂದ ಹೋಗೋರು ಉಬ್ಬರದ ಪಟ್ಟಿ ನೋಡಿ, ನೀರು ಪೂರ್ತಿ ಏರೋಕೆ ಒಂದು ಗಂಟೆ ಇದೆ ಅನ್ನೋವಾಗ ಇಳೀರಿ. ಏರೋ ನೀರು ಹೊರಗಿನ ತಿಳಿ ನೀರನ್ನ ಒಳಗೆ ತರತ್ತೆ, ಇಳಿಯೋ ನೀರು ಲಗೂನಿನ ಕಸ ಮರಳು ಎಲ್ಲ ಹೊತ್ಕೊಂಡು ಹೊರಗೆ ಹೋಗತ್ತೆ, ಒಂದೇ ಜಾಗ ಆರು ಗಂಟೆ ಅಂತರದಲ್ಲಿ ಎರಡು ಬೇರೆ ಸಮುದ್ರದ ಥರ ಕಾಣತ್ತೆ. ಹುಣ್ಣಿಮೆ ಅಮಾವಾಸ್ಯೆ ಹತ್ರ ಏರಿಳಿತ ಜಾಸ್ತಿ, ಸೆಳೆತಾನೂ ಜಾಸ್ತಿ, ಹೊಸಬರು ಆ ದಿನಗಳನ್ನ ಬಿಟ್ಟು ಅಷ್ಟಮಿ ಆಸುಪಾಸು ಆರಿಸ್ಕೊಂಡ್ರೆ ನೀರು ಮೆತ್ತಗಿರತ್ತೆ.

ಇನ್ನೊಂದು ಮಾತು, ಇದನ್ನ ದಯವಿಟ್ಟು ಎರಡು ಸಲ ಓದಿ. ದಡದಿಂದ ದಿಬ್ಬದ ಕಡೆ ನೋಡಿದಾಗ ಮಧ್ಯೆ ಹವಳ ಇಲ್ಲದೆ ಬರೀ ಮರಳಿರೋ ಒಂದು ಓಣಿ ಕಾಣತ್ತೆ, ಅಲ್ಲಿ ಅಲೆಯೂ ಕಮ್ಮಿ, ಇಳಿಯೋಕೆ ಇದೇ ಸರಿಯಾದ ಜಾಗ ಅನ್ಸತ್ತೆ. ಎಷ್ಟೋ ಸಲ ಅದು ನಿಜಾನೂ ಹೌದು. ಆದ್ರೆ ದಿಬ್ಬದ ಮೇಲಿಂದ ಅಲೆಗಳು ಒಳಗೆ ತಳ್ಳಿದ ನೀರೆಲ್ಲ ವಾಪಸ್ ಸಮುದ್ರಕ್ಕೆ ಹೋಗೋ ದಾರಿಯೂ ಅದೇ ಓಣಿ, ಇಳಿತದ ಹೊತ್ತಲ್ಲಿ ಅದು ನದಿ ಥರ ಹೊರಗೆ ಎಳೆಯತ್ತೆ. ಸೊಂಟದಷ್ಟು ನೀರಲ್ಲಿ ಮಾಸ್ಕ್ ಹಾಕ್ಕೊಂಡು ಒಂದು ನಿಮಿಷ ಕೈಕಾಲು ಆಡಿಸದೆ ಸುಮ್ನೆ ತೇಲಿ, ಕೆಳಗಿನ ಒಂದು ಕಲ್ಲು ಗುರುತು ಇಟ್ಕೊಂಡು ನೋಡಿ, ನೀವು ಎತ್ತ ಸರೀತೀರ ಅಂತ ಗೊತ್ತಾಗತ್ತೆ. ಆ ಸೆಳೆತಕ್ಕೆ ಎದುರಾಗಿ ಮೊದಲು ಹೋಗಿ, ಬರೋವಾಗ ಅದೇ ನಿಮ್ಮನ್ನ ತಂದು ಬಿಡತ್ತೆ. ಹೊರಗಡೆಗೆ ಎಳೀತಿದ್ರೆ ಅವತ್ತು ಇಳೀಬೇಡಿ. ಅಕಸ್ಮಾತ್ ಸಿಕ್ಕಾಕ್ಕೊಂಡ್ರೆ ನೇರ ದಡದ ಕಡೆ ಈಜಿ ಸುಸ್ತಾಗಬೇಡಿ, ಅಡ್ಡಡ್ಡ ಹೋಗಿ ಓಣಿಯಿಂದ ಹೊರಗೆ ಬನ್ನಿ.

ಬೋಟಲ್ಲಿ ಹೋಗೋದು

ಬೋಟ್ ಕೊಡೋದು ತಿಳಿ ನೀರು, ಜನ ತುಳಿಯದ ಹವಳ, ದೊಡ್ಡ ಮೀನುಗಳು, ಜೊತೆಗೆ ಜಾಗ ಗೊತ್ತಿರೋ ಒಬ್ಬ ಗೈಡ್. ಕಲ್ಲಿನ ಮೇಲೆ ನಡೆಯೋ ಕಷ್ಟ ಇಲ್ಲ, ಮುಳ್ಳುಚೆಂಡಿನ ಥರದ ಸೀ ಅರ್ಚಿನ್ ತುಳಿಯೋ ಭಯ ಇಲ್ಲ, ಮೊಣಕಾಲು ನೋವಿರೋರಿಗೆ ಇದು ದೊಡ್ಡ ವಿಷಯ. ಆದ್ರೆ ಇಲ್ಲಿ ಮೊದಲ ಹೆಜ್ಜೆನೇ ಆಳಕ್ಕೆ. ಏಣಿಯಿಂದ ಇಳಿದ ತಕ್ಷಣ ಕೆಳಗೆ ಎಂಟು ಹತ್ತು ಮೀಟರ್ ಖಾಲಿ ನೀಲಿ, ಕಾಲಿಗೆ ಏನೂ ಸಿಗಲ್ಲ, ಮೇಲೆ ಅಲೆ ಮುಖಕ್ಕೆ ಹೊಡೆದು ಪೈಪಿಗೆ ನೀರು ಬರತ್ತೆ, ಆ ಮೊದಲ ಎರಡು ನಿಮಿಷದಲ್ಲಿ ಹೆದರಿ ವಾಪಸ್ ಹತ್ತಿ ಕೂತೋರನ್ನ ಪ್ರತಿ ಟ್ರಿಪ್ಪಲ್ಲೂ ನೋಡಿದೀನಿ, ಅವರಲ್ಲಿ ಹೆಚ್ಚಿನವರು ಈಜೋಕೆ ಬರೋರೇ. ಅವರಿಗೆ ಬೇಕಾಗಿದ್ದು ಹಿಂದಿನ ದಿನ ಅರ್ಧ ಗಂಟೆ ಎದೆಮಟ್ಟದ ನೀರಲ್ಲಿ ಪೈಪಿನ ಅಭ್ಯಾಸ, ಅಷ್ಟೇ.

ಬುಕ್ ಮಾಡೋ ಮುಂಚೆ ಕೆಲವು ಪ್ರಶ್ನೆ ಕೇಳಲೇಬೇಕು. ಒಬ್ಬ ಗೈಡಿಗೆ ಎಷ್ಟು ಜನ? ಆರೇಳು ಜನ ಅಂದ್ರೆ ಸರಿ, ಇಪ್ಪತ್ತು ಅಂದ್ರೆ ಅವರು ನಿಮ್ಮನ್ನ ನೋಡ್ತಿಲ್ಲ, ಎಣಿಸ್ತಿದಾರೆ. ನೀವೆಲ್ಲ ನೀರಲ್ಲಿರೋವಾಗ ಬೋಟ್ ಮೇಲಿಂದ ಕಣ್ಣಿಡೋಕೆ ಒಬ್ಬರು ಇರ್ತಾರಾ? ಹತ್ತೋಕೆ ನೀರೊಳಗಿನ ತನಕ ಇಳಿಯೋ ಏಣಿ ಇದೆಯಾ? ಸುಸ್ತಾದ ಮೇಲೆ ಬೋಟಿನ ಅಂಚು ಹಿಡಿದು ಮೈ ಎತ್ತೋದು ಹೊಸಬರ ಕೈಲಿ ಆಗಲ್ಲ. ಬೋಟನ್ನ ಕಟ್ಟೋಕೆ ಮೊದಲೇ ಹಾಕಿಟ್ಟಿರೋ ತೇಲು ಬೋಯ್ ಇದೆಯಾ ಇಲ್ಲಾ ಲಂಗರು ಎಸೀತಾರಾ? ಹವಳದ ಮೇಲೆ ಲಂಗರು ಎಸೆಯೋರ ಬೋಟ್ ನಾನು ಹತ್ತಲ್ಲ, ಒಂದು ಸಲ ಎಸೆದು ಎಳೆದ್ರೆ ಹತ್ತಾರು ವರ್ಷದ ಬೆಳವಣಿಗೆ ಪುಡಿಯಾಗತ್ತೆ. ಮೀನಿಗೆ ಬ್ರೆಡ್ ಹಾಕಿ ಗುಂಪು ಸೇರಿಸ್ತೀವಿ ಅಂತ ಆಸೆ ತೋರಿಸಿದ್ರೂ ಬೇಡ ಅನ್ನಿ, ಪಾಚಿ ಮೇಯ್ತಾ ಹವಳ ಕ್ಲೀನ್ ಇಡೋ ಮೀನುಗಳು ಆ ಕೆಲಸ ಬಿಟ್ಟು ಬೋಟಿಗೆ ಕಾಯೋದು ಕಲಿತುಬಿಡತ್ತವೆ.

ಸೆಳೆತದ ಜೊತೆ ತೇಲ್ತಾ ಹೋಗಿ ಬೇರೆ ಕಡೆ ಹತ್ತೋ ಡ್ರಿಫ್ಟ್ ಟ್ರಿಪ್ ಅಂತಾನೂ ಇರತ್ತೆ. ಕಾಲು ಆಡಿಸೋದೇ ಬೇಡ, ದಿಬ್ಬ ಕೆಳಗಡೆ ಸಿನಿಮಾ ಥರ ಓಡ್ತಾ ಹೋಗತ್ತೆ, ಬಹಳ ಸೊಗಸು. ಆದ್ರೆ ಬೋಟ್ ನಿಮ್ಮ ಹಿಂದೆಯೇ ಬರತ್ತೆ ಅಂತ ಖಾತ್ರಿ ಇದ್ರೆ ಮಾತ್ರ, ಒಂದೆರಡು ಸಲ ಬೇರೆ ಥರ ಹೋಗಿ ಬಂದ ಮೇಲೆ ಮಾತ್ರ.

ಲಗೂನ್ ಒಳಗೋ, ಅಂಚಿಗೋ

ಲಗೂನಲ್ಲಿ ಒಂದರಿಂದ ಮೂರು ಮೀಟರ್ ನೀರು, ಮರಳಿನ ಮಧ್ಯೆ ಅಲ್ಲಲ್ಲಿ ಹವಳದ ಗುಡ್ಡೆ, ಸಮುದ್ರ ಹುಲ್ಲಿನ ಬಯಲು, ಅದೃಷ್ಟ ಇದ್ರೆ ಹುಲ್ಲು ಮೇಯ್ತಿರೋ ಹಸಿರು ಆಮೆ. ಇಲ್ಲಿ ಏನೂ ಇಲ್ಲ ಅಂತ ಅವಸರದಲ್ಲಿ ದಾಟಿ ಹೋಗೋರು ಜಾಸ್ತಿ, ಅದು ನನಗೆ ಬೇಜಾರು. ಒಂದೇ ಒಂದು ಗುಡ್ಡೆ ಹತ್ರ ಹತ್ತು ನಿಮಿಷ ಅಲ್ಲಾಡದೆ ತೇಲಿ ನೋಡಿ, ಮೊದಲು ಬಚ್ಚಿಟ್ಟುಕೊಂಡಿದ್ದ ನೀಲಿ ಡ್ಯಾಮ್ಸೆಲ್ ಮೀನುಗಳು ಮೋಡದ ಥರ ಮತ್ತೆ ಹೊರಗೆ ಬರತ್ತವೆ. ದೈತ್ಯ ಚಿಪ್ಪು ಅಂತೀವಲ್ಲ ಜೈಂಟ್ ಕ್ಲಾಮ್, ಅದು ಬಾಯಿ ತೆರೆದು ಕೂತಿದ್ರೆ ಅಂಚಿನುದ್ದಕ್ಕೂ ನೀಲಿ ಹಸಿರು ಮಖಮಲ್ ಹಾಸಿದ ಹಾಗೆ ಇರತ್ತೆ, ಅದರ ಮೇಲೆ ಸಣ್ಣ ಸಣ್ಣ ಚುಕ್ಕೆಗಳು, ಆ ಚುಕ್ಕೆಗಳೇ ಅದರ ಕಣ್ಣು, ನಿಮ್ಮ ನೆರಳು ಬಿದ್ದ ಕೂಡಲೇ ಇಡೀ ಮೈ ಒಳಕ್ಕೆ ಎಳ್ಕೊಳ್ಳತ್ತೆ.

ಅಂಚಿಗೆ ಹೋದ್ರೆ ದೃಶ್ಯಾನೇ ಬೇರೆ. ಕೆಳಗೆ ತೋಟದ ಥರ ಇದ್ದ ನೆಲ ಒಂದೇ ಸಲ ಗೋಡೆಯಾಗಿ ಇಳಿದು ಕಡುನೀಲಿಯಲ್ಲಿ ಮುಗಿದು ಹೋಗತ್ತೆ, ಎತ್ತರದ ಕಟ್ಟಡದ ತುದಿಯಿಂದ ಬಗ್ಗಿ ನೋಡಿದ ಹಾಗೆ ಹೊಟ್ಟೇಲಿ ಒಂಥರಾ ಆಗತ್ತೆ. ಹವಳ ಇಲ್ಲಿ ಸಾಮಾನ್ಯವಾಗಿ ಹೆಚ್ಚು ಆರೋಗ್ಯವಾಗಿರತ್ತೆ, ಯಾಕಂದ್ರೆ ಹೊಸ ನೀರು ಬರ್ತಾನೇ ಇರತ್ತೆ, ಲಗೂನ್ ನೀರಿನ ಥರ ನಿಂತು ಬಿಸಿಯಾಗಲ್ಲ. ಹವಳಕ್ಕೆ ಬಣ್ಣ ಮತ್ತೆ ಬಹುಪಾಲು ಊಟ ಕೊಡೋದು ಅದರ ಮೈಯೊಳಗೇ ಇರೋ ಪುಟ್ಟ ಪಾಚಿ, ಬೇಸಿಗೆಯ ಗರಿಷ್ಠಕ್ಕಿಂತ ಒಂದು ಡಿಗ್ರಿ ಹೆಚ್ಚು ಬಿಸಿ ಕೆಲವು ವಾರ ನಿಂತ್ರೆ ಸಾಕು, ಆ ಪಾಚಿಯನ್ನ ಹವಳ ಹೊರಗೆ ಹಾಕಿ ಬೆಳ್ಳಗಾಗತ್ತೆ. ಬೆಳ್ಳಗಾಗಿದ್ದು ಸತ್ತಿಲ್ಲ, ಹಸಿದಿದೆ, ನೀರು ತಣ್ಣಗಾದ್ರೆ ಉಳಿಯಬಹುದು. 1998ರಲ್ಲಿ ಮಾಲ್ಡೀವ್ಸಿನ ಆಳ ಕಮ್ಮಿ ಇರೋ ಹವಳದಲ್ಲಿ ಬಹುಪಾಲು ಹೀಗೇ ಹೋಯ್ತು, ಲಕ್ಷದ್ವೀಪದಲ್ಲೂ ಭಾರಿ ನಷ್ಟ ಆಯ್ತು, ಜಗತ್ತಿನಾದ್ಯಂತ ಹವಳ ಹೀಗೆ ಬೆಳ್ಳಗಾಗೋ ಬ್ಲೀಚಿಂಗ್ ನಾಲ್ಕನೇ ಸಲ ನಡೀತಿದೆ ಅಂತ 2024ರ ಏಪ್ರಿಲಲ್ಲಿ ವಿಜ್ಞಾನಿಗಳು ಘೋಷಣೆ ಮಾಡಿದ್ರು. ಅದಕ್ಕೇ ಐದು ವರ್ಷ ಹಳೇ ಫೋಟೋ ನೋಡಿ ಜಾಗ ಆರಿಸ್ಕೋಬೇಡಿ, ಹೋದ ತಿಂಗಳು ಹೋಗಿ ಬಂದೋರನ್ನ ಕೇಳಿ. ಈಜು ಗೊತ್ತು, ಪೈಪ್ ಅಭ್ಯಾಸ ಆಗಿದೆ, ಜೊತೆಗೊಬ್ಬರು ಇದಾರೆ ಅಂದ್ರೆ ಅಂಚು, ಇವುಗಳಲ್ಲಿ ಒಂದು ಇಲ್ಲ ಅಂದ್ರೂ ಲಗೂನ್.

ಬೆನ್ನಿಗೆ ಗಾಳಿ ಸಿಲಿಂಡರ್ ಕಟ್ಕೊಂಡು ಆಳಕ್ಕೆ ಮುಳುಗೋ ಸ್ಕೂಬಾ ಮಾಡ್ಲಾ, ಇದೇ ಸಾಕಾ ಅನ್ನೋರಿಗೆ ಚಿಕ್ಕದಾಗಿ: ನೀರೊಳಗೆ ಮೊದಲು ಮಾಯ ಆಗೋ ಬಣ್ಣ ಕೆಂಪು, ಐದಾರು ಮೀಟರ್ ದಾಟೋ ಹೊತ್ತಿಗೆ ಅದು ಬಹಳಷ್ಟು ಮಸುಕಾಗಿರತ್ತೆ, ಎರಡು ಮೀಟರ್ ಆಳದ ಹವಳವನ್ನ ಮೇಲಿಂದ ನೋಡೋರಿಗೇ ಹೆಚ್ಚು ಬಣ್ಣ ಸಿಗತ್ತೆ. ಸ್ಕೂಬಾ ಮಾಡಿದ್ರೆ ವಿಮಾನ ಹತ್ತೋಕೆ ಒಂದು ಡೈವ್ ಆದ್ರೆ ಕನಿಷ್ಠ 12 ಗಂಟೆ, ಹಲವು ಆದ್ರೆ 18 ಗಂಟೆ ಬಿಡಬೇಕು, ಮೇಲೆ ತೇಲೋ ಸ್ನಾರ್ಕ್ಲಿಂಗಿಗೆ ಆ ಕಟ್ಟುಪಾಡು ಇಲ್ಲ. ಹೊರಡೋ ದಿನ ಬೆಳಿಗ್ಗೆ ಕೂಡ ನೀರಿಗೆ ಇಳೀಬಹುದು.

ಮಾಸ್ಕ್ ವಿಷಯ

ಮುಖ ಪೂರ್ತಿ ಮುಚ್ಚೋ ಮಾಸ್ಕಾ, ಕಣ್ಣು ಮೂಗು ಮುಚ್ಚೋ ಹಳೇ ಥರದ್ದಾ? ಪೂರ್ತಿ ಮುಖದ್ದು ಹಾಕ್ಕೊಂಡ ಕೂಡಲೇ ಹಾಯಾಗಿರತ್ತೆ, ಮೂಗಲ್ಲೇ ಉಸಿರಾಡಬಹುದು, ನೋಟ ಅಗಲ. ಆದ್ರೂ ನಾನು ಹಳೇ ಥರದ್ದನ್ನೇ ಹೇಳ್ತೀನಿ. ಪೂರ್ತಿ ಮಾಸ್ಕಲ್ಲಿ ಗಾಳಿ ತುಂಬೋ ಜಾಗ ದೊಡ್ಡದು, ವಾಲ್ವ್ ಸರಿ ಇಲ್ಲದ ಕಳಪೆ ಮಾಲಾದ್ರೆ ನೀವು ಬಿಟ್ಟ ಉಸಿರೇ ಮತ್ತೆ ಒಳಗೆ ಬರತ್ತೆ, ನೀರು ಹೊಕ್ಕರೆ ಪಟ್ಟಂತ ಬಾಯಿಂದ ಉಗುಳಿ ತೆಗೆಯೋ ಹಾಗಿಲ್ಲ, ಬಹುಪಾಲು ಮಾದರಿಗಳಲ್ಲಿ ಮೂಗು ಹಿಡಿಯೋಕೆ ಆಗಲ್ಲ ಅಂದ್ಮೇಲೆ ಕೆಳಗೆ ಮುಳುಗಿ ಕಿವಿ ಒತ್ತಡ ಸರಿ ಮಾಡ್ಕೊಳ್ಳೋಕೂ ಆಗಲ್ಲ. ಹಳೇ ಥರದ್ದರಲ್ಲಿ ಬಾಯಿಂದ ಜೋರಾಗಿ ಊದಿದ್ರೆ ಪೈಪಿನ ನೀರು ಚಿಮ್ಮಿ ಹೋಗತ್ತೆ, ಈ ಒಂದು ಕೌಶಲ ಹತ್ತು ಸಲ ಅಭ್ಯಾಸ ಮಾಡಿದ್ರೆ ಗಾಬರಿ ಅರ್ಧ ಕಮ್ಮಿ.

ಮಾಸ್ಕ್ ಸ್ವಂತದ್ದು ತಗೊಳ್ಳಿ, ಕಾಲಿಗೆ ಹಾಕೋ ರೆಕ್ಕೆ ಥರದ ಫಿನ್ಸ್ ಬಾಡಿಗೆಗೆ ಸಾಕು. ಕೊಳ್ಳೋವಾಗ ಬೆಲ್ಟ್ ಹಾಕದೆ ಮುಖಕ್ಕೆ ಒತ್ತಿ ಮೂಗಲ್ಲಿ ಸ್ವಲ್ಪ ಉಸಿರು ಎಳೀರಿ, ಕೈ ಬಿಟ್ಟರೂ ಬೀಳದೆ ಅಂಟಿಕೊಂಡಿದ್ರೆ ಅದು ನಿಮ್ಮದು. ಮೀಸೆ ಇದ್ದೋರಿಗೆ ಮೇಲ್ದುಟಿ ಹತ್ರ ನೀರು ಜಿನುಗತ್ತೆ, ಅಲ್ಲಿ ಸ್ವಲ್ಪ ವ್ಯಾಸಲೀನ್ ಹಚ್ಚಿದ್ರೆ ನಿಲ್ಲತ್ತೆ. ಕನ್ನಡಕ ಇರೋರು ಪವರ್ ಇರೋ ಗಾಜಿನ ಮಾಸ್ಕ್ ಕೇಳಿ ನೋಡಿ, ಸಿಗತ್ತೆ. ಹೊಸ ಮಾಸ್ಕಿನ ಗಾಜಿಗೆ ಒಳಗಡೆ ಟೂತ್‌ಪೇಸ್ಟ್ ಹಚ್ಚಿ ಉಜ್ಜಿ ತೊಳೆದ್ರೆ ಕಾರ್ಖಾನೆಯ ಪದರ ಹೋಗಿ ಮಂಜು ಕಟ್ಟೋದು ಕಮ್ಮಿ ಆಗತ್ತೆ.

ಲೈಫ್ ಜಾಕೆಟ್ ಬಗ್ಗೆ ಒಂದು ಮಾತು. ದಪ್ಪ ಜಾಕೆಟ್ ನಿಮ್ಮನ್ನ ನೇರ ನಿಲ್ಲಿಸತ್ತೆ, ಆಗ ಕಾಲು ಕೆಳಗೆ ಜೋತು ಹವಳಕ್ಕೆ ಒದೆಯತ್ತೆ, ಕುತ್ತಿಗೆ ನೋವೂ ಬರತ್ತೆ. ಬಾಯಲ್ಲಿ ಊದಿ ಗಾಳಿ ತುಂಬೋ ತೆಳು ಸ್ನಾರ್ಕೆಲ್ ವೆಸ್ಟ್ ಹಾಕ್ಕೊಂಡ್ರೆ ಬೋರಲು ಮಲಗಿ ಆರಾಮಾಗಿ ತೇಲಬಹುದು, ಸ್ವಲ್ಪ ಈಜು ಬರೋರಿಗೆ ಇದು ಬೆಸ್ಟ್. ಈಜೇ ಬರಲ್ಲ ಅನ್ನೋರಿಗೆ ದಪ್ಪ ಜಾಕೆಟ್ಟೇ ಇರಲಿ, ಜೊತೆಗೆ ಗೈಡ್ ಹಿಡಿದ ರಬ್ಬರ್ ರಿಂಗ್, ಜಾಗ ನೀರು ಸಾಕಷ್ಟು ಆಳ ಇರೋ ಕಡೆ, ಕಾಲು ಹವಳಕ್ಕೆ ತಾಗದ ಹಾಗೆ. ಹೃದಯದ ತೊಂದರೆ ಇರೋರು ಹೋಗೋ ಮುಂಚೆ ಡಾಕ್ಟರನ್ನ ಕೇಳಿ, ನೀರಲ್ಲಿ ಸುಮ್ಮನೆ ತೇಲೋದೂ ಹೃದಯಕ್ಕೆ ಕೆಲಸಾನೇ, ಉಸಿರು ಕಟ್ಟಿದ ಹಾಗೆ ಆದ್ರೆ ಆ ಕ್ಷಣ ಬೆನ್ನ ಮೇಲೆ ತಿರುಗಿ ಪೈಪ್ ತೆಗೆದು ಕೈ ಎತ್ತಿ ಕರೀರಿ.

ಸನ್‌ಸ್ಕ್ರೀನಾ, ಉದ್ದ ತೋಳಿನ ಈಜೋ ಅಂಗಿ ರ‍್ಯಾಶ್ ಗಾರ್ಡಾ ಅಂದ್ರೆ ಕಣ್ಣು ಮುಚ್ಚಿ ರ‍್ಯಾಶ್ ಗಾರ್ಡ್. ಹವಳಕ್ಕೆ ಹಾನಿ ಅಂತ ಆಕ್ಸಿಬೆನ್ಜೋನ್, ಆಕ್ಟಿನಾಕ್ಸೇಟ್ ಅನ್ನೋ ರಾಸಾಯನಿಕ ಇರೋ ಸನ್‌ಸ್ಕ್ರೀನ್ ಮಾರಾಟವನ್ನ ಹವಾಯಿ 2021ರಿಂದ ನಿಲ್ಲಿಸಿದೆ, ಪೆಸಿಫಿಕ್ ಸಾಗರದ ದ್ವೀಪ ದೇಶ ಪಲಾವ್ 2020ರಲ್ಲೇ ಇಂಥವನ್ನ ನಿಷೇಧ ಮಾಡ್ತು. ಬಟ್ಟೆ ಮುಚ್ಚದ ಜಾಗಕ್ಕೆ ಜಿಂಕ್ ಇರೋದು ಹಚ್ಚಿ, ಮೊಣಕಾಲ ಹಿಂಭಾಗ ಮರೀಬೇಡಿ, ಸುಡೋದು ಅಲ್ಲೇ. ಆಸ್ಟ್ರೇಲಿಯಾದ ಉತ್ತರ ಕ್ವೀನ್ಸ್‌ಲ್ಯಾಂಡ್ ಕಡೆ ನವೆಂಬರಿಂದ ಮೇ ತನಕ ವಿಷದ ಜೆಲ್ಲಿಮೀನಿನ ಕಾಲ, ಅಲ್ಲಿ ಮೈ ಪೂರ್ತಿ ಮುಚ್ಚೋ ಸೂಟ್ ಕೊಡ್ತಾರೆ, ಸೆಕೆ ಅಂತ ಬಿಡಬೇಡಿ.

ಮೂರು ದಿನ ಇದ್ರೆ ನಾನು ಹೀಗೆ ಮಾಡ್ತೀನಿ: ಮೊದಲ ದಿನ ಬೆಳಿಗ್ಗೆ ಏರೋ ನೀರಲ್ಲಿ ಲಗೂನ್, ನಲವತ್ತು ನಿಮಿಷ ಸಾಕು, ಎರಡನೇ ದಿನ ಅದೇ ಜಾಗದಿಂದ ಸ್ವಲ್ಪ ಮುಂದೆ, ಮೂರನೇ ದಿನ ಚಿಕ್ಕ ಬೋಟಲ್ಲಿ ಅಂಚಿಗೆ. ಒಂದೇ ದಿನ ಇದ್ದು ಜೊತೆಗೆ ಮಕ್ಕಳು ವಯಸ್ಸಾದೋರು ಇದ್ರೆ ದಡ, ಲಗೂನ್, ಬೇರೆ ಯೋಚನೆ ಬೇಡ. ಮಕ್ಕಳಿಗೆ ದೊಡ್ಡವರ ಮಾಸ್ಕ್ ಬೆಲ್ಟ್ ಬಿಗಿ ಮಾಡಿ ಹಾಕಬೇಡಿ, ಅವರ ಅಳತೇದು ಬೇರೆ ಸಿಗತ್ತೆ, ಮತ್ತೆ ಮೊದಲು ಬರೀ ಮಾಸ್ಕ್ ಹಾಕಿ ನೀರೊಳಗೆ ನೋಡೋಕೆ ಬಿಡಿ, ಪೈಪನ್ನ ಅವರೇ ಕೇಳೋ ತನಕ ಕಾಯಿರಿ.